ಕಂತು ಕಟ್ಟಲೆಂದು ಕೊಟ್ಟ ಫೋನು

ಕೀನ್ಯಾದ ಹೆಂಗಸೊಬ್ಬಳ ಗಂಡ ಪರಊರಿನಲ್ಲಿ ಕಳ್ಳರ ಕೈಗೆ ಸಿಕ್ಕಿಬಿದ್ದ. ಜೇಬಿನಲ್ಲಿದ್ದುದೆಲ್ಲ ಹೋಯಿತು, ಮನೆಗೆ ಮರಳಲು ಬಸ್ ಚಾರ್ಜಿಗೂ ಕಾಸು ಉಳಿಯಲಿಲ್ಲ. ಹೆಂಡತಿಯ ಬಳಿ ಒಂದು ಮೊಬೈಲ್ ಫೋನಿತ್ತು. ಪ್ರಯೋಗವೊಂದಕ್ಕೆ ಒಪ್ಪಿಕೊಂಡವರಿಗೆಂದು ಅದನ್ನು ಪುಕ್ಕಟೆಯಾಗಿ ಹಂಚಲಾಗಿತ್ತು. ಹಂಚಿದವರು ಅದರಿಂದ ಮಾಡಬೇಕಾದ ಕೆಲಸವನ್ನೂ ಹೇಳಿಕೊಟ್ಟಿದ್ದರು: ಸಾಲದ ಕಂತು ಕಟ್ಟುವುದು. ಆಕೆ ಕಂತಿನ ಮಾತು ಬದಿಗಿಟ್ಟು, ಗುಂಡಿಗಳನ್ನೊತ್ತಿ, ಅದೇ ಫೋನಿನಿಂದ ಗಂಡನಿಗೆ ಬಸ್ ಚಾರ್ಜು ಕಳಿಸಿದಳು.

ನಡೆದದ್ದು ಇಷ್ಟೇ. ಪ್ರಯೋಗ ನಡೆಸುತ್ತಿದ್ದವರ ಕಡತದಲ್ಲಿ ಕಳ್ಳರೂ ಇರಲಿಲ್ಲ, ಗಂಡನೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಕಡತದ ತುಂಬ ಇದ್ದದ್ದು ಕಂತು, ಬಾಕಿ, ವಸೂಲಿ. ಆದರೆ ಅವರು ವರ್ಷಗಟ್ಟಲೆ ಅರಸುತ್ತಿದ್ದ ವಸ್ತು ಆಕೆ ಒತ್ತಿದ ಗುಂಡಿಗಳ ಕೆಳಗೇ ಇತ್ತು.

ಕತೆ ಶುರುವಾದದ್ದು ಕೀನ್ಯಾದಿಂದ ಬಹುದೂರ, ಇಂಗ್ಲೆಂಡಿನಲ್ಲಿ. ನಿಕ್ ಹ್ಯೂಸ್ ವೊಡಾಫೋನ್ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಕೆಲಸ ನೋಡಿಕೊಳ್ಳುತ್ತಿದ್ದ. ದೊಡ್ಡ ಕಂಪನಿಗಳಲ್ಲಿ ಇಂಥ ವಿಭಾಗಗಳಿಗೆ ಮರ್ಯಾದೆ ಇರುತ್ತದೆ, ಬಂಡವಾಳ ಇರುವುದಿಲ್ಲ. ಬಡ ದೇಶದ ಬಡವರಿಗೆ ಮೊಬೈಲಿನಿಂದ ಹಣಕಾಸಿನ ಸೇವೆ ಕೊಡಬಹುದು ಎಂಬ ವಿಚಾರ ಅವನ ತಲೆ ಹೊಕ್ಕಿತ್ತು. ಅದನ್ನು ಮೇಲಿನವರ ಮುಂದಿಟ್ಟರೆ, ಅದೇ ಮೇಜಿನ ಮೇಲೆ ಯುರೋಪಿನ ಲಾಭದ ಯೋಜನೆಗಳು ಸಾಲುಗಟ್ಟಿರುತ್ತಿದ್ದವು. ಆ ಪೈಪೋಟಿಯಲ್ಲಿ ಇದು ಗೆಲ್ಲುವ ಮಾತೇ ಇರಲಿಲ್ಲ.

ಆಗ ಕೈಹಿಡಿದದ್ದು ಬ್ರಿಟಿಷ್ ಸರ್ಕಾರದ ವಿದೇಶಿ ನೆರವಿನ ಇಲಾಖೆ. ಬಡವರಿಗೆ ಹಣಕಾಸಿನ ಸೇವೆ ಮುಟ್ಟಿಸುವ ಹೊಸ ಪ್ರಯತ್ನಗಳಿಗೆಂದು ಅದು ಒಂದು ನಿಧಿ ತೆಗೆದಿಟ್ಟಿತ್ತು. ಖಾಸಗಿ ಕಂಪನಿಯೂ ಅರ್ಜಿ ಹಾಕಬಹುದಿತ್ತು. ಷರತ್ತು ಒಂದೇ, ನಿಧಿ ಕೊಟ್ಟಷ್ಟನ್ನು ಕಂಪನಿಯೂ ಹಾಕಬೇಕು. ಹ್ಯೂಸ್ ಅರ್ಜಿ ಗುಜರಾಯಿಸಿದ. ಸುಮಾರು 10 ಲಕ್ಷ ಪೌಂಡ್ ಮಂಜೂರಾಯಿತು. ಕಂಪನಿಯ ಕಣ್ಣಿನಲ್ಲಿ ಅದು ಪುಡಿಗಾಸು. ಆದರೆ ಬೇರೆಯವರ ದುಡ್ಡು ಬಂದಾಗ ಬೇಡ ಎನ್ನುವುದು ಮೇಲಿನವರಿಗೆ ಕಷ್ಟವಾಯಿತು. ಬಾಗಿಲು ತೆರೆಯಿತು.

ಕೀನ್ಯಾವನ್ನು ಆರಿಸಿಕೊಳ್ಳಲು ಕಾರಣವಿತ್ತು. ಅಲ್ಲಿನ ಸಫಾರಿಕಾಮ್ ಕಂಪನಿಯಲ್ಲಿ ವೊಡಾಫೋನಿನ ದೊಡ್ಡ ಪಾಲಿತ್ತು. ಇನ್ನೊಂದು ಕಾರಣ ಆ ದೇಶದ ಬದುಕಿನಲ್ಲೇ ಇತ್ತು. ದುಡಿಯುವ ಗಂಡಸರು ನೈರೋಬಿ, ಮೊಂಬಾಸಾಗಳಲ್ಲಿ. ಹೆಂಡತಿ ಮಕ್ಕಳು, ವಯಸ್ಸಾದ ತಂದೆತಾಯಿ ನೂರಾರು ಕಿಲೋಮೀಟರು ದೂರದ ಹಳ್ಳಿಗಳಲ್ಲಿ. ಪಟ್ಟಣದ ಬಾಡಿಗೆ ಕೋಣೆಯನ್ನು ಯಾರೂ ಮನೆಯೆನ್ನುತ್ತಿರಲಿಲ್ಲ, ಮನೆಯೆಂದರೆ ಊರು. ಆ ಊರಿಗೆ ತಿಂಗಳ ದುಡ್ಡು ಹೋಗಬೇಕಿತ್ತು. ಐವರಲ್ಲಿ ಸುಮಾರು ನಾಲ್ವರಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ಹಾಗಾಗಿ ಲಕೋಟೆಯಲ್ಲಿ ನೋಟು ಮಡಚಿಟ್ಟು ಬಸ್ಸಿನವರ ಕೈಗೆ ಕೊಡುತ್ತಿದ್ದರು, ಊರಿಗೆ ಹೊರಟ ಬಂಧುಗಳ ಕೈಗೆ ಕೊಡುತ್ತಿದ್ದರು, ಇಲ್ಲವೇ ತಾವೇ ಹೋಗುತ್ತಿದ್ದರು. ಲಕೋಟೆ ಕೆಲವೊಮ್ಮೆ ತಲುಪುತ್ತಿತ್ತು, ಕೆಲವೊಮ್ಮೆ ತೆಳ್ಳಗಾಗಿ ತಲುಪುತ್ತಿತ್ತು, ಕೆಲವೊಮ್ಮೆ ದಾರಿಯಲ್ಲೇ ಮಾಯವಾಗುತ್ತಿತ್ತು.

ಇದರ ನಡುವೆ ಜನ ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಕರ್ನಾಟಕದಲ್ಲಿ ಮೊಬೈಲಿಗೆ ದುಡ್ಡು ತುಂಬಿಸುವುದಕ್ಕೆ ‘ಕರೆನ್ಸಿ ಹಾಕಿಸುವುದು’ ಎನ್ನುತ್ತಾರೆ. ಆಫ್ರಿಕಾದ ಹಲವು ದೇಶಗಳಲ್ಲಿ ಆ ಮಾತು ಅಕ್ಷರಶಃ ನಿಜವಾಗತೊಡಗಿತ್ತು. ಪಟ್ಟಣದಲ್ಲಿದ್ದವರು ಕರೆನ್ಸಿ ಕೊಂಡು ಊರಿನ ನೆಂಟರಿಗೆ ದಾಟಿಸುತ್ತಿದ್ದರು. ಅವರು ಅದನ್ನು ಯಾರಿಗಾದರೂ ಮಾರಿ ನಗದು ಮಾಡಿಕೊಳ್ಳುತ್ತಿದ್ದರು. ಮಾತಾಡಲೆಂದು ಮಾಡಿದ್ದು ಅಕ್ಕಿಬೇಳೆಗೆ ಒದಗುತ್ತಿತ್ತು. ಸುಳಿವು ಕಣ್ಣೆದುರಿಗೇ ಇತ್ತು. ಆದರೂ ಹ್ಯೂಸ್‌ನ ಯೋಜನೆ ಬೇರೆ ದಾರಿ ಹಿಡಿಯಿತು.

ಆ ದಾರಿ ಕಿರುಸಾಲದ್ದು. ಫೌಲು ಕೀನ್ಯಾ ಎಂಬ ಸಂಸ್ಥೆ ಸಣ್ಣ ವ್ಯಾಪಾರಿಗಳಿಗೆ ಗುಂಪುಸಾಲ ಕೊಡುತ್ತಿತ್ತು. ಪದ್ಧತಿ ಕರ್ನಾಟಕದ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಅಪರಿಚಿತವೇನಲ್ಲ: ಒಬ್ಬರಿಗೊಬ್ಬರು ಜಾಮೀನು, ನಿಗದಿತ ದಿನ ಸಭೆ, ಸಭೆಯಲ್ಲಿ ಎಲ್ಲರ ಕಂತು ಎಣಿಸಿ ಒಪ್ಪಿಸುವುದು, ಯಾರಾದರೂ ತಪ್ಪಿದರೆ ಉಳಿದವರು ತುಂಬಿಕೊಡುವುದು. ಸಭೆಗೆಂದು ಅಂಗಡಿ ಮುಚ್ಚಬೇಕು, ನಗದು ಹೊತ್ತು ಓಡಾಡಬೇಕು. ಕಂತನ್ನು ಫೋನಿನಲ್ಲೇ ಕಟ್ಟುವಂತಾದರೆ ಎಲ್ಲರ ಸಮಯ ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ಅದರಲ್ಲಿ ಒಂದು ದೋಷವೂ ಕಾಣಲಿಲ್ಲ.

ಲೆಕ್ಕಾಚಾರವನ್ನು ನೆಲಕ್ಕಿಳಿಸಲು 2005ರ ಆರಂಭದಲ್ಲಿ ನೈರೋಬಿಗೆ ಬಂದಿಳಿದವಳು ಸೂಸಿ ಲೋನಿ. ಮೊಬೈಲ್ ವ್ಯವಹಾರದ ತಂತ್ರಜ್ಞಾನ ಬಲ್ಲವಳು. ಸಾಫ್ಟ್‌ವೇರ್ ಬರೆದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಸೆಜೆಂಶಿಯಾ ಎಂಬ ಸಂಸ್ಥೆ. ಕಟ್ಟುಪಾಡು ಬಿಗಿಯಾಗಿತ್ತು: ಎಲ್ಲವೂ ಅಗ್ಗದ ಗುಂಡಿ ಫೋನಿನಲ್ಲೇ ನಡೆಯಬೇಕು, ಇಂಟರ್ನೆಟ್ ಬೇಡಬಾರದು. ಹಾಗಾಗಿ ಬುದ್ಧಿಯನ್ನೆಲ್ಲ ಸಿಮ್ ಕಾರ್ಡಿನೊಳಗೆ ತುಂಬಿದರು. ಮೆನು ತೆರೆ, ಮೊತ್ತ ಒತ್ತು, ಗುಪ್ತಸಂಖ್ಯೆ ಒತ್ತು. ಸಿಮ್ ಅದನ್ನು ಬೀಗ ಹಾಕಿದ ಸಂದೇಶವಾಗಿಸಿ ಕಳಿಸುತ್ತದೆ, ದೂರದ ಕಂಪ್ಯೂಟರು ಲೆಕ್ಕ ಬದಲಿಸಿ ಉತ್ತರ ಕಳಿಸುತ್ತದೆ. ವ್ಯವಸ್ಥೆಗೆ ಎಂ-ಪೆಸಾ ಎಂದು ಹೆಸರಿಟ್ಟರು. ಎಂ ಅಂದರೆ ಮೊಬೈಲ್. ಪೆಸಾ ಅಂದರೆ ಸ್ವಾಹಿಲಿ ಭಾಷೆಯಲ್ಲಿ ದುಡ್ಡು. ಭಾರತದ ರೂಪಾಯಿಯೇ ಪೂರ್ವ ಆಫ್ರಿಕಾದಲ್ಲಿ ಚಲಾವಣೆಯಲ್ಲಿದ್ದ ಕಾಲವೊಂದಿತ್ತು. ಕಡಲು ದಾಟಿಹೋದ ನಮ್ಮ ಪೈಸೆಯೇ ಅಲ್ಲಿ ಪೆಸಾ ಆಗಿ ಬೇರುಬಿಟ್ಟಿತ್ತು.

2005ರ ಅಕ್ಟೋಬರಿನಲ್ಲಿ ಪ್ರಯೋಗ ಆರಂಭವಾಯಿತು. ಎಂಟು ಅಂಗಡಿಗಳು, ಐನೂರರೊಳಗಿನ ಗಿರಾಕಿಗಳು. ನೈರೋಬಿಯ ನಡುಭಾಗ, ಮಥಾರೆ ಕೊಳೆಗೇರಿ, ಮತ್ತು ಪಕ್ಕದ ಥೀಕಾ ಪಟ್ಟಣ. ಮೊದಲ ದಿನದಿಂದಲೇ ಏಟುಗಳು ಬಿದ್ದವು. ಫೋನಿನ ಮೆನು ತೆರೆದು ಅಭ್ಯಾಸವಿಲ್ಲದವರಿಗೆ ಒಂದೊಂದು ಗುಂಡಿಯನ್ನೂ ತೋರಿಸಿಕೊಡಬೇಕಾಯಿತು. ಬೆಳಿಗ್ಗೆ ಕಲಿತದ್ದು ಸಂಜೆಗೆ ಮರೆಯುತ್ತಿತ್ತು, ಗುಪ್ತಸಂಖ್ಯೆಯಂತೂ ಇನ್ನೂ ಬೇಗ. ತಿಂಗಳುಗಟ್ಟಲೆ ಕೂತು ಬರೆದ ಸಾಫ್ಟ್‌ವೇರಿಗಿಂತ ಅದನ್ನು ಜನರಿಗೆ ಹೇಳಿಕೊಡುವುದೇ ದೊಡ್ಡ ಕೆಲಸವಾಯಿತು.

ಅದಕ್ಕಿಂತ ದೊಡ್ಡ ಏಟು ಬಂದದ್ದು ಒಳಗಿನಿಂದ. ಫೌಲುವಿನ ಲೆಕ್ಕದ ಪದ್ಧತಿಯೆಲ್ಲ ಸಭೆಯ ದಿನಕ್ಕೆ ಕಟ್ಟಿಕೊಂಡಿತ್ತು. ಈಗ ಕಂತುಗಳು ಯಾವ ದಿನವೆಂದರೆ ಆ ದಿನ, ಯಾವ ಹೊತ್ತೆಂದರೆ ಆ ಹೊತ್ತು ಬಂದು ಬೀಳತೊಡಗಿದವು. ಎಂ-ಪೆಸಾದ ಲೆಕ್ಕಕ್ಕೂ ಸಂಸ್ಥೆಯ ಲೆಕ್ಕಕ್ಕೂ ಕೊಂಡಿಯಿರಲಿಲ್ಲ. ಎರಡನ್ನೂ ಮುಂದಿಟ್ಟುಕೊಂಡು ಕೈಯಲ್ಲೇ ತಾಳೆ ನೋಡಬೇಕಾಯಿತು. ಇನ್ನೊಂದು ವಿಪತ್ತನ್ನು ಯಾರೂ ಊಹಿಸಿರಲಿಲ್ಲ. ಕಂತು ಫೋನಿನಲ್ಲಿ ಹೋದಮೇಲೆ ಸಭೆಗೆ ಯಾಕೆ ಬರಬೇಕು? ಸಭೆ ಸಡಿಲವಾದರೆ ಗುಂಪು ಸಡಿಲ. ಗುಂಪು ಸಡಿಲವಾದರೆ ಜಾಮೀನು ಸಡಿಲ. ವ್ಯರ್ಥವೆಂದು ಉಳಿಸಹೊರಟ ಆ ಸಮಯವೇ ಸಾಲ ಮರಳಿ ಬರುವಂತೆ ಮಾಡುತ್ತಿದ್ದ ಹಗ್ಗವಾಗಿತ್ತು. ಮುಂದೆ ಫೌಲು ಈ ಸಹವಾಸದಿಂದ ಹಿಂದೆ ಸರಿಯಿತು. ಯಾವ ಕೆಲಸಕ್ಕೆಂದು ಸೇವೆಯನ್ನು ಕಟ್ಟಿದ್ದರೋ ಆ ಕೆಲಸವೇ ಕೈಬಿಟ್ಟುಹೋಯಿತು.

ಪ್ರಯೋಗವೊಂದು ಸಾಮಾನ್ಯವಾಗಿ ಸಾಯುವುದು ಇಂಥ ಘಟ್ಟದಲ್ಲೇ. ವರದಿ ಬರೆದು, ಕಲಿತ ಪಾಠಗಳೆಂದು ನಾಲ್ಕು ಸಾಲು ಸೇರಿಸಿ, ಕಡತ ಕಟ್ಟಿಡುತ್ತಾರೆ. ಆದರೆ ಲೋನಿಯ ತಂಡಕ್ಕೆ ಒಂದು ವಿಷಯ ಅರ್ಥವಾಗುತ್ತಿರಲಿಲ್ಲ. ಕಂತಿನ ಕೆಲಸ ಕುಂಟುತ್ತಿದ್ದರೂ ಹಣ ಸುಮ್ಮನೆ ಕೂತಿರಲಿಲ್ಲ. ಲೆಕ್ಕದಲ್ಲಿ ಅದು ಹೋಗಬಾರದ ಕಡೆಗೆಲ್ಲ ಹೋಗುತ್ತಿತ್ತು.

ಕೆಲವು ವ್ಯಾಪಾರಿಗಳು ಸಂಜೆ ಹಣ ಕಟ್ಟಿ ಬೆಳಿಗ್ಗೆ ತೆಗೆಯುತ್ತಿದ್ದರು. ಏಕೆಂದರೆ ಬ್ಯಾಂಕು ಬೇಗ ಮುಚ್ಚುತ್ತಿತ್ತು, ಎಂ-ಪೆಸಾ ಅಂಗಡಿ ತೆರೆದಿರುತ್ತಿತ್ತು. ಫೋನು ರಾತ್ರಿಯ ತಿಜೋರಿಯಾಗಿತ್ತು. ಕೆಲವರು ಪ್ರಯಾಣಕ್ಕೆ ಮುಂಚೆ ಒಂದೂರಿನಲ್ಲಿ ನಗದು ಕಟ್ಟಿ, ಕೆಲವೇ ಗಂಟೆಗಳ ಮೇಲೆ ಇನ್ನೊಂದೂರಿನಲ್ಲಿ ತೆಗೆಯುತ್ತಿದ್ದರು. ದಾರಿಯಲ್ಲಿ ಜೇಬು ತಡಕಿದರೆ ಕಳ್ಳರಿಗೆ ಏನೂ ಸಿಗುತ್ತಿರಲಿಲ್ಲ. ಕೆಲವರು ಕೊಟ್ಟುತೆಗೆದುಕೊಳ್ಳುವ ವ್ಯಾಪಾರವನ್ನೇ ಅದರಲ್ಲಿ ನಡೆಸುತ್ತಿದ್ದರು. ಕೆಲವರು ಅದರಿಂದ ಕರೆನ್ಸಿ ಕೊಂಡು ಊರಿನ ನೆಂಟರಿಗೆ ದಾಟಿಸುತ್ತಿದ್ದರು. ಪ್ರಯೋಗಕ್ಕೆ ಸೇರದವರಿಗೂ ದುಡ್ಡು ಹೋಗುತ್ತಿತ್ತು. ಇವರ ನಡುವೆಯೇ ಇದ್ದಳು, ಗಂಡನಿಗೆ ಬಸ್ ಚಾರ್ಜು ಕಳಿಸಿದ ಆ ಹೆಂಗಸು.

ಗಿರಾಕಿಗಳು ಸಾಧನವನ್ನು ತಪ್ಪಾಗಿ ಬಳಸುತ್ತಿದ್ದಾರೆ ಎಂದು ಬಗೆದು ತಿದ್ದಲು ಹೊರಡುವುದು ಸುಲಭವಿತ್ತು. ತಂಡ ಹಾಗೆ ಮಾಡಲಿಲ್ಲ. ತಪ್ಪು ಬಳಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿತು. ಎಲ್ಲದರಲ್ಲೂ ಸಾಲ ಎಲ್ಲೋ ಮೂಲೆಯಲ್ಲಿತ್ತು. ನಡುವೆ ಇದ್ದದ್ದು ದೂರ. ಒಂದು ಕಡೆ ಇರುವ ದುಡ್ಡು ಇನ್ನೊಂದು ಕಡೆ ಬೇಕಾಗಿತ್ತು. ಅಷ್ಟನ್ನು ಮಾತ್ರ ಜನ ಕೇಳುತ್ತಿದ್ದರು.

ಅಲ್ಲಿಂದ ಮುಂದಿನದು ಕೊಡಲಿಯ ಕೆಲಸ. ಸಾಲ, ಕಂತು, ಸಭೆ ಎಲ್ಲವನ್ನೂ ಕಡಿದು ಹಾಕಿದರು. ಸಫಾರಿಕಾಮಿನ ಮುಖ್ಯಸ್ಥ ಮೈಕೆಲ್ ಜೋಸೆಫ್ ಇಡೀ ದೇಶಕ್ಕೆ ಅದನ್ನು ಬಿಡುವ ಪಣ ತೊಟ್ಟ. ಜಾಹೀರಾತಿನಲ್ಲಿ ತಂತ್ರಜ್ಞಾನದ ಸೊಲ್ಲೇ ಇರಲಿಲ್ಲ. ದುಡ್ಡನ್ನು ಮನೆಗೆ ಕಳಿಸಿ ಎಂಬ ಒಂದು ಮಾತು, ಅಷ್ಟೇ. ದರ ಕಟ್ಟಿದ್ದರಲ್ಲೂ ಯುಕ್ತಿಯಿತ್ತು. ಸೇರಲು ಶುಲ್ಕವಿಲ್ಲ, ಹಣ ಕಟ್ಟಲು ಶುಲ್ಕವಿಲ್ಲ, ಖಾತೆಯಲ್ಲಿ ಇಷ್ಟು ಉಳಿಸಲೇಬೇಕೆಂಬ ನಿಯಮವಿಲ್ಲ. ಕಳಿಸಿದಾಗ 30 ಶಿಲಿಂಗ್, ತೆಗೆದಾಗ ಒಂದಿಷ್ಟು. ಕೆಲಸ ಆದಾಗ ಮಾತ್ರ ಕೂಲಿ. 2007ರ ಮಾರ್ಚ್ 6ರಂದು ಎಂ-ಪೆಸಾ ದೇಶದ ಮುಂದೆ ಬಂತು.

ಈಗ ಇನ್ನೊಂದು ಹೋರಾಟ ಎದುರಾಯಿತು. ಫೋನಿನೊಳಗಿನ ದುಡ್ಡಿಗೆ ಬೆಲೆ ಬರುವುದು ಅದನ್ನು ಬೇಕೆಂದಾಗ ನೋಟು ಮಾಡಿಕೊಳ್ಳುವಂತಿದ್ದರೆ ಮಾತ್ರ. ಆ ಕೆಲಸಕ್ಕೆ ಕಂಪನಿ ಕರೆನ್ಸಿ ಮಾರುತ್ತಿದ್ದ ಅಂಗಡಿಗಳನ್ನು ಏಜೆಂಟರಾಗಿಸಿತು. ಹಸಿರು ಬಣ್ಣದ ಬೋರ್ಡುಗಳು ಬೀದಿಬೀದಿಯಲ್ಲಿ ಎದ್ದವು. ಏಜೆಂಟ್ ತನ್ನ ಗಂಟಿನಿಂದ ಮೊದಲೇ ಒಂದಿಷ್ಟು ಫೋನಿನ ದುಡ್ಡು ಕೊಂಡಿಟ್ಟುಕೊಳ್ಳಬೇಕು. ಗಿರಾಕಿ ನೋಟು ಕೊಟ್ಟರೆ ತನ್ನ ಫೋನಿನಿಂದ ಗಿರಾಕಿಯ ಫೋನಿಗೆ ದಾಟಿಸಬೇಕು. ಗಿರಾಕಿ ನೋಟು ಕೇಳಿದರೆ ಉಲ್ಟಾ. ಒಂದೊಂದು ವ್ಯವಹಾರಕ್ಕೂ ಸಣ್ಣ ಕಮಿಷನ್.

ಕೇಳಲು ಸರಳ, ನಡೆಸಲು ಯಾತನೆ. ತಿಂಗಳ ಸಂಬಳದ ದಿನಗಳಲ್ಲಿ ನೈರೋಬಿಯ ಏಜೆಂಟರ ಡ್ರಾಯರಿನಲ್ಲಿ ನೋಟು ತುಂಬಿ ತುಳುಕುತ್ತಿತ್ತು, ಫೋನಿನಲ್ಲಿ ದಾಟಿಸಲು ದುಡ್ಡೇ ಉಳಿಯುತ್ತಿರಲಿಲ್ಲ. ಹಳ್ಳಿಯ ಏಜೆಂಟರಿಗೆ ಅದರ ತಿರುಗುಮುರುಗು: ಫೋನಿನ ತುಂಬ ದುಡ್ಡು, ಡ್ರಾಯರು ಖಾಲಿ. ಹಳ್ಳಿಯವರು ಅಂಗಡಿ ಬಿಟ್ಟು, ದೂರದ ಬ್ಯಾಂಕಿನಿಂದ ಕಟ್ಟು ನೋಟು ತರಬೇಕಿತ್ತು. ತರುವುದು ತಡವಾಗಿ, ಬಂದ ಅಜ್ಜಿ ಬರಿಗೈಯಲ್ಲಿ ಮರಳಿದರೆ ಆ ಊರಿನಲ್ಲಿ ಎಂ-ಪೆಸಾದ ಕತೆ ಮುಗಿದಂತೆಯೇ. ಪಟ್ಟಣದಿಂದ ಹಳ್ಳಿಗೆ ಲಕೋಟೆ ಹೊರುತ್ತಿದ್ದ ಲಕ್ಷಾಂತರ ಜನರ ಹೊರೆಯನ್ನು ಕೆಲವು ಸಾವಿರ ಅಂಗಡಿಯವರು ಹೆಗಲಿಗೇರಿಸಿಕೊಂಡಿದ್ದರು. ಡಿಜಿಟಲ್ ಸೇವೆಯ ಅಡಿಪಾಯ ಈ ಬೆವರಿನ ಮೇಲೆ ನಿಂತಿತ್ತು.

ಇನ್ನು ನಂಬಿಕೆಯ ಪ್ರಶ್ನೆ. ಫೋನ್ ಕಂಪನಿ ಜನರ ದುಡ್ಡು ಇಟ್ಟುಕೊಳ್ಳಬಹುದೇ? ಕೀನ್ಯಾದಲ್ಲಿ ಅದಕ್ಕೆ ಕಾನೂನೇ ಇರಲಿಲ್ಲ. ಕಾನೂನಿಲ್ಲವೆಂದು ಕೇಂದ್ರ ಬ್ಯಾಂಕ್ ಬಾಗಿಲು ಹಾಕಲಿಲ್ಲ. ಪ್ರಶ್ನೆಗಳನ್ನು ಕೇಳಿತು, ಉತ್ತರಗಳನ್ನು ತೂಗಿತು, ಕೊನೆಗೆ ತನ್ನ ಆಕ್ಷೇಪವಿಲ್ಲವೆಂದು ಪತ್ರ ಕೊಟ್ಟಿತು. ಷರತ್ತು ಗಟ್ಟಿಯಾಗಿತ್ತು: ಗಿರಾಕಿಗಳ ಹಣವನ್ನು ಕಂಪನಿ ಮುಟ್ಟಕೂಡದು, ಅದಷ್ಟೂ ಬೇರೆಯಾಗಿ, ಟ್ರಸ್ಟಿನ ಹೆಸರಿನಲ್ಲಿ, ಬ್ಯಾಂಕಿನಲ್ಲಿ ಕೂತಿರಬೇಕು.

ಪರೀಕ್ಷೆ ಹತ್ತೇ ತಿಂಗಳಿಗೆ ಬಂತು. 2007ರ ಡಿಸೆಂಬರ್ ಕೊನೆಯಲ್ಲಿ ನಡೆದ ಚುನಾವಣೆಯ ಫಲಿತಾಂಶದ ಸುತ್ತ ದೇಶ ಹೊತ್ತಿಕೊಂಡಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ನೆಲೆ ಕಳೆದುಕೊಂಡರು. ರಸ್ತೆಗಳಲ್ಲಿ ತಡೆ, ಬಸ್ಸುಗಳಿಲ್ಲ, ಎಷ್ಟೋ ಕಡೆ ಬ್ಯಾಂಕು ಅಂಗಡಿಗಳಿಗೆ ಬೀಗ. ಲಕೋಟೆಯ ದಾರಿಗಳೆಲ್ಲ ಒಮ್ಮೆಗೇ ಕಟ್ಟಿಹೋದವು. ಫೋನಿನ ದಾರಿ ಮಾತ್ರ ಉಳಿದಿತ್ತು. ಸಿಕ್ಕಿಹಾಕಿಕೊಂಡ ನೆಂಟರಿಗೆ ಜನ ಕರೆನ್ಸಿ ಕಳಿಸಿದರು, ದುಡ್ಡು ಕಳಿಸಿದರು. ಜಾಹೀರಾತು ಹೇಳಿ ಒಪ್ಪಿಸಲಾಗದವರನ್ನು ಆ ಭಯಂಕರ ವಾರಗಳು ಒಪ್ಪಿಸಿದವು. ಮೊದಲ ವರ್ಷ ತುಂಬುವ ಹೊತ್ತಿಗೆ ಗಿರಾಕಿಗಳು ಸುಮಾರು 20 ಲಕ್ಷ.

ಅಷ್ಟರಲ್ಲಿ ಬ್ಯಾಂಕುಗಳು ಎಚ್ಚೆತ್ತವು. ಖಾತೆ ತೆರೆಯಲು ಬಂದ ಬಡವರನ್ನು ವರ್ಷಗಟ್ಟಲೆ ಬಾಗಿಲಲ್ಲೇ ತಡೆದಿದ್ದ ಬ್ಯಾಂಕುಗಳಿಗೆ ಈಗ ಅದೇ ಬಡವರ ಹಣದ ಭದ್ರತೆಯ ಚಿಂತೆ ಹತ್ತಿತು. 2008ರ ಡಿಸೆಂಬರಿನಲ್ಲಿ, ಹಣಕಾಸು ಖಾತೆ ನೋಡಿಕೊಳ್ಳುತ್ತಿದ್ದ ಸಚಿವ ಜಾನ್ ಮಿಚುಕಿ ಎಂ-ಪೆಸಾದ ತಪಾಸಣೆಗೆ ಆದೇಶ ಹೊರಡಿಸಿದ. ಕೆಲವು ವಾರ ಎಲ್ಲವೂ ತೂಗುಯ್ಯಾಲೆಯಲ್ಲಿತ್ತು. ತಪಾಸಣೆ ಮುಗಿಯಿತು, ವ್ಯವಸ್ಥೆ ಭದ್ರವಾಗಿದೆ ಎಂಬ ತೀರ್ಪು ಬಂತು. ಎಂ-ಪೆಸಾವನ್ನು ನಿಲ್ಲಿಸಬೇಕೆಂದಿದ್ದವರ ಉಪಕಾರದಿಂದ ಅದಕ್ಕೆ ಸರ್ಕಾರದ ಮುದ್ರೆಯೂ ಸಿಕ್ಕಿತು.

ಹಾಗಾದರೆ ಕಂಡುಹಿಡಿದದ್ದೇನು? ಗುಟ್ಟು ಚಿಕ್ಕದು, ಹಳೆಯದು. ಎಂ-ಪೆಸಾದಲ್ಲಿ ನೋಟುಗಳು ಗಿರಾಕಿಯ ಜೊತೆ ಪ್ರಯಾಣಿಸುವುದಿಲ್ಲ. ನೈರೋಬಿಯಲ್ಲಿ ಕೊಟ್ಟ ನೋಟು ನೈರೋಬಿಯ ಡ್ರಾಯರಿನಲ್ಲೇ ಉಳಿಯುತ್ತದೆ, ಹಳ್ಳಿಯಲ್ಲಿ ಪಡೆದ ನೋಟು ಹಳ್ಳಿಯ ಡ್ರಾಯರಿನದೇ. ನಡುವೆ ಓಡುವುದು ಒಂದು ಸಂದೇಶ, ಅದರ ಬೆನ್ನಿಗೆ ಬ್ಯಾಂಕಿನಲ್ಲಿ ಕದಲದೆ ಕೂತ ಅಷ್ಟೇ ಮೊತ್ತದ ಹಣ. ನಮ್ಮ ಪೇಟೆಗಳ ಹಳೆಯ ಹುಂಡಿಯ ತತ್ವವೂ ಹೆಚ್ಚುಕಡಿಮೆ ಇದೇ. ಹೊಸತೆಂದರೆ, ಸಾಹುಕಾರರ ಗದ್ದುಗೆಯಲ್ಲಿದ್ದ ಆ ಅನುಕೂಲ ತರಕಾರಿ ಮಾರುವವಳ ಅಂಗೈಗೆ ಬಂದದ್ದು. ಆ ಅನುಕೂಲದ ಫಲವನ್ನು ವರ್ಷಗಟ್ಟಲೆ ಅಳೆದ ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು, ಕೀನ್ಯಾದ ಸುಮಾರು 1,94,000 ಕುಟುಂಬಗಳು ಇದರಿಂದ ಕಡುಬಡತನದ ಗೆರೆ ದಾಟಿದವೆಂದು 2016ರಲ್ಲಿ ಅಂದಾಜು ಮಾಡಿದರು.

ಬೆಲೆ ಯಂತ್ರದೊಳಗೇ ಇದ್ದಿದ್ದರೆ ಯಂತ್ರ ಹೋದಲ್ಲೆಲ್ಲ ಅದೂ ಹೋಗಬೇಕಿತ್ತು. ದಕ್ಷಿಣ ಆಫ್ರಿಕಾಕ್ಕೆ ಎಂ-ಪೆಸಾ 2010ರಲ್ಲಿ ಹೋಯಿತು. ಬ್ಯಾಂಕು ಎಟಿಎಂಗಳು ಹತ್ತಿರವಿದ್ದ ಅಲ್ಲಿನವರಿಗೆ ಅದು ಬೇಕೆನಿಸಲಿಲ್ಲ, 2016ರಲ್ಲಿ ಮುಚ್ಚಿತು. ಭಾರತಕ್ಕೆ 2013ರಲ್ಲಿ ಬಂತು. ಪೈಸೆಯಾಗಿ ಹೋದದ್ದು ಪೆಸಾ ಆಗಿ ಮರಳಿತ್ತು, ಆದರೆ ತವರಿನಲ್ಲಿ ಗುರುತು ಹಿಡಿದವರು ಕಡಿಮೆ. ನಿಯಮಗಳು ಬೇರೆಯಿದ್ದವು, 2016ರಲ್ಲಿ ಯುಪಿಐ ಬಂದು ಬ್ಯಾಂಕ್ ಖಾತೆಗಳನ್ನೇ ಒಂದಕ್ಕೊಂದು ಬೆಸೆಯಿತು. 2019ರಲ್ಲಿ ಎಂ-ಪೆಸಾ ಇಲ್ಲಿಯೂ ಅಂಗಡಿ ಮುಚ್ಚಿತು. ಅದೇ ಕೆಲಸ, ಅದೇ ಹೆಸರು. ಆದರೆ ಬಸ್ ಚಾರ್ಜಿಗೆ ಕಾಯುತ್ತ ದೂರದಲ್ಲಿ ನಿಂತ ಗಂಡನಿಗೆ ಇಲ್ಲಿ ಬೇರೆ ದಾರಿಗಳಿದ್ದವು. ಕೀನ್ಯಾದ ಆ ಹೆಂಗಸಿಗೆ ಇದ್ದದ್ದು, ಕಂತು ಕಟ್ಟಲೆಂದು ಕೊಟ್ಟ ಒಂದು ಫೋನು ಮಾತ್ರ.